ಫ್ರಪ್ಪಾಟೊ ಮತ್ತು ಗ್ಯಾರೇಜಿನ ಒಲೆ

ನನ್ನ ಅವ್ವ ಒಂದು ಗುಟುಕು ವೈನನ್ನೂ ನುಂಗಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐದು ವರ್ಷ ಅದನ್ನು ಮೂಸಿದಳು, ಬಾಯಿಗೆ ಹಾಕಿಕೊಂಡು ನಾಲಿಗೆಯ ಮೇಲೆ ಹೊರಳಾಡಿಸಿದಳು, ಸ್ಟೀಲಿನ ತಂಬಿಗೆಗೆ ಉಗುಳಿದಳು, ಆಮೇಲೆ ನೀರು ಹಾಕಿ ಬಾಯಿ ಮುಕ್ಕಳಿಸಿದಳು. ನುಂಗಲಿಲ್ಲ. ಅದೇ ವರ್ಷಗಳಲ್ಲಿ ನನ್ನ ಅಪ್ಪ ಗೆಳೆಯರನ್ನು ಕೂಡಿಸಿಕೊಂಡು ಶನಿವಾರ ಶನಿವಾರ ಸ್ಕಾಚ್ ನುಂಗಿದ. ನಮ್ಮ ಮನೆಯಲ್ಲಿ ಕೆಟ್ಟವಳು ಅನ್ನಿಸಿಕೊಂಡದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಈಗ ನನಗೆ ಆಗಿನ ಅವ್ವನಷ್ಟೇ ವಯಸ್ಸು. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಬಹಳ ಕಾಲ ಕಾದೆ. ಅದು ಇಳಿಯಲಿಲ್ಲ. ಹಾಗೇ ಬರೆಯುತ್ತಿದ್ದೇನೆ.

ಹುಬ್ಬಳ್ಳಿ ಬಿಟ್ಟು ನಾವು ಮೊದಲು ಬಂದದ್ದು ಲಾಸ್ ಏಂಜಲೀಸ್‌ನ ಚಾಟ್ಸ್‌ವರ್ತ್‌ಗೆ. ನನಗಾಗ ಎಂಟು ವರ್ಷ. ಅಪ್ಪ ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಎರಡನೇ ಮಹಡಿಯ ಅಪಾರ್ಟ್‌ಮೆಂಟು, ಅಡುಗೆಮನೆಗೆ ಕಿಟಕಿಯಿಲ್ಲ. ಅವ್ವ ಒಗ್ಗರಣೆಗೆ ಮೆಣಸಿನಕಾಯಿ ಹಾಕಿದಳೆಂದರೆ ಸ್ಮೋಕ್ ಅಲಾರಂ ಕಿರುಚಿಕೊಳ್ಳುತ್ತಿತ್ತು, ನಾನು ಕುರ್ಚಿ ಹತ್ತಿ ನಿಂತು ಟವೆಲ್ ಬೀಸುತ್ತಿದ್ದೆ. ಅಪ್ಪನ ವೀಸಾದ ಮೇಲೆ ಬಂದ ಹೆಂಡತಿ ದುಡಿಯುವಂತಿರಲಿಲ್ಲ. ಕೆಮಿಸ್ಟ್ರಿಯಲ್ಲಿ ಬಿ.ಎಸ್ಸಿ. ಮಾಡಿದ್ದ ಅವ್ವ ಎರಡು ವರ್ಷ ಆ ಮನೆಯ ಕಿಟಕಿ ಬ್ಲೈಂಡ್ಸಿನ ಪಟ್ಟಿಗಳನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಮುಗಿದ ಮೇಲೆ ಮತ್ತೆ ಮೊದಲಿನಿಂದ. ಅಪ್ಪ ಸಂಜೆ ಬಂದು, ಮನೆ ಎಷ್ಟು ಛಲೋ ಇಟ್ಟಾಳ ನೋಡು ಎಂದು ನನಗೆ ತೋರಿಸುತ್ತಿದ್ದ. ಕೆಲಸದ ಪರ್ಮಿಟ್ ಬಂದ ವಾರವೇ ಅವ್ವ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಡ್ರೈವ್ ಮಾಡಲು ಬರುತ್ತಿರಲಿಲ್ಲವಾದ್ದರಿಂದ ನಡೆದು ಹೋಗುವಷ್ಟು ದೂರದಲ್ಲಿ ಸಿಕ್ಕದ್ದನ್ನೇ ಹಿಡಿದಳು. ಇಟಲಿಯಿಂದ ವೈನ್ ತರಿಸಿ ಮಾರುವವನ ಗೋದಾಮು ಅದು. ಬಾಟಲಿಗಳ ಬೆನ್ನಿಗೆ ಇಂಗ್ಲಿಷ್ ಲೇಬಲ್ ಅಂಟಿಸುವ ಕೆಲಸ.

ಗೋದಾಮಿನ ಮಾಲೀಕ ಸಾಲ್ವತೋರೆ ಎಂಬ ಮುದುಕ. ಸಿಸಿಲಿ ದ್ವೀಪದವನು. ಎಲ್ಲರೂ ಸಾಲ್ ಅನ್ನುತ್ತಿದ್ದರು. ಒಂದು ದಿನ ಅವ್ವನ ಮುಂದೆ ಬಾಟಲಿಯೊಂದು ಬಿದ್ದು ಒಡೆಯಿತಂತೆ. ಎಲ್ಲರೂ ಗಾಜು ಬಳಿಯಲು ಓಡಿದರೆ ಅವ್ವ ಮಾತ್ರ ಮೂಗು ಏರಿಸಿ ನಿಂತು, ಇದು ಕೆಟ್ಟಿದೆ, ಒದ್ದೆ ಗೋಣಿಚೀಲದ ವಾಸನೆ ಬರುತ್ತಿದೆ ಎಂದಳಂತೆ. ಸಾಲ್ ಅದೇ ಪೆಟ್ಟಿಗೆಯ ಉಳಿದ ಬಾಟಲಿ ತೆಗೆಸಿ ನೋಡಿದ. ಇನ್ನೆರಡರಲ್ಲಿ ಕಾರ್ಕು ಕೆಟ್ಟಿತ್ತು. ಅವ್ವನ ತವರು ಬಿಜಾಪುರದ ಕಡೆಯ ದ್ರಾಕ್ಷಿ ತೋಟ. ಒಣದ್ರಾಕ್ಷಿ ಮಾಡುವ ಶೆಡ್ಡಿನ ಬಾಗಿಲಲ್ಲಿ ನಿಂತು, ಯಾವ ತಟ್ಟೆ ಹುಳಿಯಲು ಶುರುವಾಗಿದೆ ಎಂದು ಏಳು ವರ್ಷದವಳಿದ್ದಾಗಲೇ ಹೇಳುತ್ತಿದ್ದಳಂತೆ. ಆ ಮೂಗನ್ನು ಮೂವತ್ತು ವರ್ಷ ಯಾರೂ ಏನೂ ಕೇಳಿರಲಿಲ್ಲ. ಸಾಲ್ ಕೇಳಿದ. ಮರುವಾರದಿಂದ ಅವ್ವ ಲೇಬಲ್ ಬಿಟ್ಟು ರುಚಿ ನೋಡುವ ಮೇಜಿಗೆ ಹೋದಳು.

ಫ್ರಪ್ಪಾಟೊ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಹೀಗೆ. ಅದು ಸಾಲ್‌ನ ಊರಿನ ದ್ರಾಕ್ಷಿ, ಕೆಂಪು ವೈನಿನದು. ಅಲ್ಲಿಯೂ ಅದನ್ನು ಹೆಚ್ಚಾಗಿ ಇನ್ನೊಂದು ದಪ್ಪ ದ್ರಾಕ್ಷಿಯ ಜೊತೆ ಘಮಕ್ಕೆಂದು ಬೆರೆಸುತ್ತಿದ್ದರಂತೆ, ಅದೊಂದನ್ನೇ ಬಾಟಲಿ ಮಾಡುವವರು ಕಡಿಮೆ. ಇಲ್ಲಿ ಯಾರಿಗೂ ಅದು ಬೇಡವಾಗಿತ್ತು. ಬಣ್ಣ ತೆಳು, ದಾಳಿಂಬೆ ರಸಕ್ಕೆ ನೀರು ಬೆರೆಸಿದಂತೆ. ರೆಸ್ಟೋರೆಂಟಿನವರು ಗ್ಲಾಸು ಬೆಳಕಿಗೆ ಹಿಡಿದು, ಇದು ಕೆಂಪೇ ಅಲ್ಲ ಎಂದು ಹಿಂದಿರುಗಿಸುತ್ತಿದ್ದರು. ಸಾಲ್ ಉಳಿದ ಬಾಟಲಿಗಳನ್ನು ಅವ್ವನ ಕೈಗೆ ಕೊಟ್ಟು, ಇದು ಯಾವ ಊಟಕ್ಕೆ ಕೂಡುತ್ತದೆ ಎಂದು ನೋಡಿಕೊಂಡು ಬಾ ಎಂದ. ಅವ್ವ ನೋಡಿದಳು, ಅದೂ ತನಗೆ ಗೊತ್ತಿದ್ದ ಊಟದ ಜೊತೆ. ಮಧ್ಯಾಹ್ನ ನಾನು ಶಾಲೆಯಿಂದ ಬರುವ ಹೊತ್ತಿಗೆ ಮೇಜಿನ ಮೇಲೆ ಸಣ್ಣ ಸಣ್ಣ ಬಟ್ಟಲುಗಳು: ಎಣಗಾಯಿ, ಪುಂಡಿಪಲ್ಯ, ಝುಣಕ, ಶೇಂಗಾ ಹಿಂಡಿ, ಕೆಂಪು ಮೆಣಸಿನಕಾಯಿಯ ರಂಜಕ. ಪಕ್ಕದಲ್ಲಿ ಮೂರು ಗ್ಲಾಸು, ಒಂದು ತಂಬಿಗೆ. ರೊಟ್ಟಿಯ ಚೂರಿಗೆ ಪಲ್ಯ ಹಚ್ಚಿ ಬಾಯಿಗಿಡುವುದು, ಅಗಿದು ಮುಗಿಸಿ ಒಂದು ಗುಟುಕು ಬಾಯಲ್ಲಿ ಹಿಡಿಯುವುದು, ಕಣ್ಣು ಮುಚ್ಚುವುದು, ಉಗುಳುವುದು, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆಯುವುದು. ಅವಳ ಮುಖದಲ್ಲಿ ಆಗ ಒಂದು ಕಾಠಿಣ್ಯ ಬರುತ್ತಿತ್ತು, ಲೆಕ್ಕ ಬಿಡಿಸುವ ಮೇಷ್ಟ್ರಿಗೆ ಬರುವಂಥದು. ನನಗೆ ಅದನ್ನು ನೋಡುತ್ತ ಕೂರುವುದು ಇಷ್ಟವಿತ್ತು. ಒಮ್ಮೆ, ಅದರಲ್ಲೇನು ಅಂಥಾದ್ದು ಎಂದು ಕೇಳಿದೆ.

“ದಪ್ಪ ಸಿಪ್ಪಿ ಹಣ್ಣಿನ ವೈನು ಒಗರು ಇರ್ತೈತಿ. ಆ ಒಗರಿನ ಮ್ಯಾಲೆ ನಮ್ಮ ಖಾರ ಬಿತ್ತಂದ್ರ ನಾಲಿಗಿಗೆ ಬೆಂಕಿ ಹಚ್ಚಿದಂಗ. ಇದು ತೆಳು ಸಿಪ್ಪಿದು. ಕವಳಿ ಹಣ್ಣಿನಂಗ ಹುಳಿ. ಸ್ವಲ್ಪ ತಣ್ಣಗ ಮಾಡಿ ಕೊಟ್ರ ಖಾರ ಆರಸ್ತೈತಿ, ಪಲ್ಯದ ರುಚಿ ಮಾತ್ರ ಮುಚ್ಚೂದಿಲ್ಲ.”

“ಎಲ್ಲಾದಕ್ಕೂ?”

“ಎಲ್ಲಾದಕ್ಕೂ ಅಲ್ಲ. ರಂಜಕದ ಮುಂದ ಯಾವುದೂ ನಿಲ್ಲೂದಿಲ್ಲ. ಪುಂಡಿಪಲ್ಯ ತಾನ ಹುಳಿ, ಎರಡೂ ಹುಳಿ ಸೇರಿ ಹಲ್ಲು ಜುಂ ಅಂತಾವು. ಎಣಗಾಯಿಗೆ ಮಾತ್ರ ನೋಡು, ಶೇಂಗಾ, ಎಳ್ಳು, ಬದನಿಕಾಯಿ ಎಣ್ಣಿ, ಅದನ್ನೆಲ್ಲಾ ತೊಳದು ಮತ್ತ ಒಂದು ತುತ್ತು ಬೇಕು ಅನಸ್ತೈತಿ.”

ಅವಳ ಈ ಮಾತೇ ಆ ವರ್ಷ ಇಂಗ್ಲಿಷಾಗಿ, ಬಾಟಲಿಯ ಜೊತೆ ರೆಸ್ಟೋರೆಂಟುಗಳಿಗೆ ಕೊಡುವ ಒಂದು ಕಾರ್ಡಿನ ಮೇಲೆ ಅಚ್ಚಾಯಿತು. ಬದನೆಕಾಯಿ, ಶೇಂಗಾ, ಎಳ್ಳು, ಹದವಾದ ಖಾರ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟ ಫ್ರಪ್ಪಾಟೊ. ಬದನೆಕಾಯಿ ಎಂದೊಡನೆ ಸಾಲ್‌ಗೆ ತನ್ನ ತಾಯಿಯ ಕೈಯಡುಗೆ ನೆನಪಾಗಿ ಕಣ್ಣೊದ್ದೆಯಾಯಿತಂತೆ. ಕಣ್ಣೊದ್ದೆ ಮಾಡಿಕೊಂಡವನು ಕಾರ್ಡಿನ ಕೆಳಗೆ ತನ್ನ ಸಹಿ ಹಾಕಿಕೊಂಡ. ಅವ್ವ ತನ್ನ ಹೆಸರು ಎಲ್ಲಿ ಎಂದು ಕೇಳಿದ್ದಕ್ಕೆ, ನಿನ್ನ ಹೆಸರು ಯಾರ ಬಾಯಲ್ಲೂ ಹೊರಡುವುದಿಲ್ಲ ಎಂದು ನಕ್ಕನಂತೆ. ಫ್ರಪ್ಪಾಟೊ ಅನ್ನಲು ಕಲಿತ ಊರಿಗೆ ಶಕುಂತಲಾ ಅನ್ನಲು ಬರುವುದಿಲ್ಲವಂತೆ. ಮನೆಗೆ ಬಂದು ಅವ್ವ ಆ ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿದಳು. ಅಪ್ಪ ಅದನ್ನು ಕಿತ್ತು ಡ್ರಾವರಿನಲ್ಲಿ ಹಾಕಿದ. ಯಾರಾದರೂ ಬಂದರೆ ಏನಂದುಕೊಳ್ಳುತ್ತಾರೆ ಎಂದ.

ಅಪ್ಪನಿಗೆ ಸ್ಯಾನ್ ಡಿಯೇಗೋದಲ್ಲಿ ಕೆಲಸ ಸಿಕ್ಕ ಮೇಲೆ ನಾವು ರ್ಯಾಂಚೊ ಪೆನಾಸ್ಕಿಟೋಸ್‌ಗೆ ಬಂದೆವು. ಮರಳಿನ ಬಣ್ಣದ ಮನೆ, ಪಕ್ಕದ್ದೂ ಮರಳಿನ ಬಣ್ಣ, ಎರಡು ಕಾರಿನ ಗ್ಯಾರೇಜು. ಅಷ್ಟರಲ್ಲಿ ಅವ್ವ ಡ್ರೈವಿಂಗ್ ಕಲಿತಿದ್ದಳು. ಸಾಲ್ ಆ ಊರಿನ ರೆಸ್ಟೋರೆಂಟುಗಳಿಗೆ ಮಾರುವ ಕೆಲಸವನ್ನು ಅವಳಿಗೇ ವಹಿಸಿದ. ಹಳೆಯ ಕೊರೋಲಾದಲ್ಲಿ ಸ್ಯಾಂಪಲ್ ಬಾಟಲಿಗಳ ಚೀಲ, ಸ್ಟೀಲ್ ಡಬ್ಬಿಯಲ್ಲಿ ಎಣಗಾಯಿ. ಬಾಗಿಲು ಬಾಗಿಲಿಗೆ ಹೋಗಿ, ಮೊದಲು ಇದನ್ನು ತಿನ್ನಿ, ಆಮೇಲೆ ಅದನ್ನು ಕುಡಿಯಿರಿ ಎಂದು ಸೀರೆಯುಟ್ಟ ಹೆಂಗಸು ಹೇಳಿದರೆ ಯಾರು ಇಲ್ಲವೆನ್ನುತ್ತಾರೆ? ಕೆಲವರು ನಕ್ಕರು, ಕೆಲವರು ತಿಂದರು. ತಿಂದವರು ಕೊಂಡರು. ಅಪ್ಪ ಮಾತ್ರ ಪರಿಚಯದವರಿಗೆ ಹೆಂಡತಿ “ಫುಡ್ ಕಂಪನಿ ಒಳಗ” ಇದ್ದಾಳೆ ಎಂದೇ ಹೇಳುತ್ತಿದ್ದ. ಪರಿಚಯದವರು ಎಂದರೆ ನಮ್ಮ ಕಡೆಯ ಎಂಟು ಕುಟುಂಬ. ಶನಿವಾರಗಳಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಿದ್ದರು. ನಮ್ಮ ಸರದಿ ಬಂದಾಗ ಹೆಂಗಸರು ಒಳಗೆ, ಗಂಡಸರು ಗ್ಯಾರೇಜಿನಲ್ಲಿ. ಕೇರಂ ಬೋರ್ಡು, ಐಸಿನ ಡಬ್ಬಿ, ಸ್ಕಾಚ್. ಪೊಮೊನಾದಿಂದ ಬರುವ ಮಹಾಂತೇಶ ಅಂಕಲ್ ಬಾಟಲಿ ತರುವವರು. ಊಟಕ್ಕೆ ಒಳಬರುವ ಮೊದಲು ಎಲ್ಲರೂ ಒಂದೊಂದು ಏಲಕ್ಕಿ ಅಗಿಯುತ್ತಿದ್ದರು. ಇದು ಎಂಟು ಹೆಂಡಂದಿರಿಗೂ ಗೊತ್ತಿತ್ತು, ಮಕ್ಕಳಿಗೂ ಗೊತ್ತಿತ್ತು. ಏಲಕ್ಕಿಯ ಘಮ ಬಂದರೆ ಊಟ ಬಡಿಸಬೇಕು ಎಂದು ಅರ್ಥ.

ನನಗೆ ಹದಿಮೂರು ಆದಾಗ ಅಪ್ಪನ ತಾಯಿ ಧಾರವಾಡದಿಂದ ಆರು ತಿಂಗಳಿಗೆಂದು ಬಂದಳು. ನಾನು ಆಯಿ ಅನ್ನುತ್ತಿದ್ದೆ. ಕೆಟ್ಟವಳಲ್ಲ. ನನ್ನ ತಲೆಗೆ ಬಿಸಿ ಎಣ್ಣೆ ತಿಕ್ಕುತ್ತಿದ್ದಳು, ನನ್ನ ಮುರುಕು ಕನ್ನಡಕ್ಕೆ ನಗುತ್ತಿರಲಿಲ್ಲ. ದಿನಾ ಬೆಳಗ್ಗೆ ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡಿ, ಅವ್ವ ಮಾಡಿದ ಅಡುಗೆಯನ್ನು ಲಿಂಗಕ್ಕೆ ತೋರಿಸಿಯೇ ಉಣ್ಣುತ್ತಿದ್ದಳು. ಅವ್ವನ ಕೆಲಸ ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಅವಳಿಗೂ “ಫುಡ್ ಕಂಪನಿ” ಎಂದೇ ಹೇಳಿದ್ದ. ಗ್ಯಾರೇಜಿನ ಫ್ರಿಜ್ಜಿನಲ್ಲಿದ್ದ ಬಾಟಲಿಗಳನ್ನು ಆಯಿ ಎಣ್ಣೆಯದೋ ಶರಬತ್ತಿನದೋ ಎಂದುಕೊಂಡಿದ್ದಿರಬೇಕು.

ಹೇಳಿದವಳು ನಾನು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯದೆ ಉಳಿದವರನ್ನು ಬೈದರೆ ಆಗುವುದಿಲ್ಲ. ಶಾಲೆಯ ಬ್ಯಾಂಡ್ ಕಾನ್ಸರ್ಟಿನಲ್ಲಿ ಅವತ್ತು ನನಗೆ ಒಂದು ಸಣ್ಣ ಸೋಲೋ ಇತ್ತು, ಕ್ಲಾರಿನೆಟ್ಟಿನಲ್ಲಿ. ಬರುತ್ತೇನೆ ಎಂದಿದ್ದ ಅವ್ವ ಬರಲಿಲ್ಲ. ಯಾವುದೋ ರೆಸ್ಟೋರೆಂಟಿನವನು ಸಮಯ ಬದಲಿಸಿದ್ದ. ಅಪ್ಪನೂ ಬಂದಿರಲಿಲ್ಲ, ಆದರೆ ಅಪ್ಪ ಬರುತ್ತಾನೆ ಎಂದು ನಾನು ಎಂದೂ ನಿರೀಕ್ಷಿಸಿದವಳೇ ಅಲ್ಲ. ಹಾಗಾಗಿ ಸಿಟ್ಟೆಲ್ಲ ಅವ್ವನ ಪಾಲಿಗೆ ಬಂತು. ಈ ಅನ್ಯಾಯ ಗೊತ್ತಾಗಲು ನನಗೆ ಇನ್ನೂ ಹತ್ತು ವರ್ಷ ಬೇಕಾಯಿತು. ಮನೆಗೆ ಬಂದವಳೇ ಆಯಿಯ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತೆ. ಆ ವಯಸ್ಸಿನಲ್ಲಿ ನಾನು ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದೆ. ಅವತ್ತು ಮಾತ್ರ ಕನ್ನಡದಲ್ಲಿ ಹುಡುಕಿದೆ. ವೈನ್ ಎಂದರೆ ಆಯಿಗೆ ತಿಳಿಯುವುದಿಲ್ಲವೆಂದು, ಹೆಂಡಕ್ಕೆ ನನಗೆ ಗೊತ್ತಿದ್ದ ಅತಿ ಹೊಲಸು ಶಬ್ದವನ್ನು ಆರಿಸಿಕೊಂಡೆ.

“ಆಯಿ, ನಮ್ಮವ್ವ ಏನ್ ಮಾರ್ತಾಳ ಗೊತ್ತೈತಿ? ಸೆರಿ. ಬಾಯಾಗ ಹಾಕ್ಕೊಂಡು ನೋಡಿ ಮಾರ್ತಾಳ.”

ಆಯಿ ನನ್ನ ತಲೆ ನೇವರಿಸುತ್ತಿದ್ದ ಕೈ ತೆಗೆದಳು. ಯಾರಿಗೂ ಹೇಳಬೇಡ ಎಂದಳು. ಮೂರು ದಿನ ಉಪವಾಸ ಎಂದು ಬರೀ ಹಾಲು ಹಣ್ಣಿನಲ್ಲಿ ಕಳೆದಳು. ನಾಲ್ಕನೆಯ ದಿನ ಶನಿವಾರ. ತಾಯಿ ಬಂದ ಖುಷಿಗೆ ಅಪ್ಪ ಎಂಟೂ ಮನೆಯವರನ್ನು ಮಧ್ಯಾಹ್ನದ ಊಟಕ್ಕೆ ಕರೆದಿದ್ದ. ಅವ್ವ ನಸುಕಿನಿಂದ ನಿಂತು ಮೂವತ್ತು ಮಂದಿಗೆ ರೊಟ್ಟಿ ಬಡಿದಿದ್ದಳು. ಹಿರಿಯಳೆಂದು ಮೊದಲ ತಟ್ಟೆ ಆಯಿಗೆ ತಂದಿಟ್ಟಳು. ಏಲಕ್ಕಿಯ ಘಮದೊಂದಿಗೆ ಗಂಡಸರು ಆಗಷ್ಟೇ ಒಳಗೆ ಬಂದಿದ್ದರು. ಆಯಿ ತಟ್ಟೆಯನ್ನು ಎರಡೂ ಕೈಯಿಂದ ದೂಡಿದಳು.

“ಸೆರಿ ಮುಟ್ಟಿದ ಬಾಯಿ, ಸೆರಿ ಮುಟ್ಟಿದ ಕೈ. ಇದನ್ನ ನಾ ಲಿಂಗಕ್ಕ ಹೆಂಗ ತೋರಸ್ಲಿ? ನನಗ ಬ್ಯಾಡ.”

ಸೂತಕ, ಮೈಲಿಗೆ ನಮಗಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮಂದಿ ನಾವು. ಅದನ್ನು ಅಂಥ ಹೊತ್ತಿನಲ್ಲಿ ನೆನೆಯುವವರು ಒಬ್ಬರೂ ಇರಲಿಲ್ಲ. ಅವ್ವ ಅಪ್ಪನ ಮುಖ ನೋಡಿದಳು. ನಾನೂ ನೋಡಿದೆ. ಅವನಿಗೆ ಎಲ್ಲವೂ ಗೊತ್ತಿತ್ತು. ತಂಬಿಗೆ ಗೊತ್ತಿತ್ತು, ಉಗುಳುವುದು ಗೊತ್ತಿತ್ತು, ತನ್ನ ಬಾಯಲ್ಲಿ ಅಗಿಯುತ್ತಿದ್ದ ಏಲಕ್ಕಿ ಯಾಕೆಂದೂ ಗೊತ್ತಿತ್ತು. ಒಂದು ವಾಕ್ಯ ಸಾಕಿತ್ತು. ಅಪ್ಪ ಹೇಳಿದ:

“ಹಿರ್ಯಾರು ಹೇಳೂದು ಖರೆ ಐತಿ. ನಾಳಿಂದ ನೀ ಆ ಕೆಲಸ ಬಿಡು, ಶಕುಂತಲಾ. ಬಿಡೂತನಕ ಈ ಮನಿ ಒಲಿ ಮುಟ್ಟಬ್ಯಾಡ.”

ಮೂರು ದಿನದ ಹಿಂದೆ ನಾನೇ ಹಚ್ಚಿದ್ದು ಎಂಬುದನ್ನೂ ಮರೆತು ಕೂಗಿದೆ:

“ಅಪ್ಪ ಗ್ಯಾರೇಜಿನ್ಯಾಗ ಕುಡೀತಾನ! ಎಲ್ಲಾ ಅಂಕಲ್‌ಗಳೂ ಕುಡೀತಾರ! ಅವ್ವ ಉಗುಳ್ತಾಳ, ಅಷ್ಟ!”

“ಗಂಡಸರ ಮಾತು ಬ್ಯಾರೆ,” ಅಂದಳು ಆಯಿ. ದನಿ ಏರಿಸಲೂ ಇಲ್ಲ. ಆಂಟಿಯರು ತಮ್ಮ ತಮ್ಮ ಖಾಲಿ ತಟ್ಟೆ ನೋಡಿಕೊಂಡರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು “ಆತು” ಎಂದಳು. ಅದೊಂದೇ ಶಬ್ದ. ಆಮೇಲೆ ಆ ಮೂವತ್ತು ಮಂದಿ ಅವಳೇ ಮಾಡಿದ ಅಡುಗೆಯನ್ನು ತಾವೇ ಬಡಿಸಿಕೊಂಡು ಉಂಡು ಹೋದರು. ನಾಚಿಕೆಗೆ ಹಸಿವೆ ಕಟ್ಟುತ್ತದೆ ಅನ್ನುತ್ತಾರೆ. ಸುಳ್ಳು. ಒಂದು ರೊಟ್ಟಿಯೂ ಉಳಿಯಲಿಲ್ಲ.

ಅಪ್ಪ ಅದನ್ನು ಬೆದರಿಕೆ ಎಂದು ಆಡಿದ್ದ. ಅವ್ವ ಅಪ್ಪಣೆ ಎಂದು ತೆಗೆದುಕೊಂಡಳು. ಭಾನುವಾರ ಬೆಳಗ್ಗೆ ನಾನು ಎದ್ದಾಗ ಅಡುಗೆಮನೆ ತಣ್ಣಗಿತ್ತು. ಎಂದೋ ಮರುಭೂಮಿಯಲ್ಲಿ ಟೆಂಟ್ ಹಾಕೋಣವೆಂದು ಅಪ್ಪ ತಂದು ಬಳಸದೇ ಇಟ್ಟಿದ್ದ ಕ್ಯಾಂಪಿಂಗ್ ಗ್ಯಾಸ್ ಒಲೆಯನ್ನು ಅವ್ವ ಗ್ಯಾರೇಜಿನಲ್ಲಿ ಅವನ ರಿಪೇರಿ ಮೇಜಿನ ಮೇಲೆ ಹೂಡಿದ್ದಳು. ಗಾಳಿಗೆಂದು ಗ್ಯಾರೇಜಿನ ದೊಡ್ಡ ಬಾಗಿಲು ಅರ್ಧ ಎತ್ತಿತ್ತು. ಸ್ಕ್ರೂಡ್ರೈವರ್ ನೇತುಹಾಕುವ ಮೊಳೆಗಳಲ್ಲಿ ಸೌಟು, ಜಾಲರಿ, ಲಟ್ಟಣಿಗೆ. ಕೇರಂ ಬೋರ್ಡು ಹಿಟ್ಟು ನಾದುವ ಮಣೆಯಾಗಿತ್ತು. ಅವ್ವ ತನಗೂ ನನಗೂ ಅಲ್ಲಿ ಬೇಯಿಸಿದಳು, ತನ್ನ ಕೆಲಸದ ಡಬ್ಬಿಯನ್ನೂ ಅಲ್ಲೇ ತುಂಬಿದಳು, ಸೋಮವಾರ ಎಂದಿನಂತೆ ಕಾರು ಹತ್ತಿ ಹೋದಳು. ಒಳಗೆ ಆಯಿ ಮಂಡಿನೋವು ಹೊತ್ತು ಮಗನಿಗೆ ಅನ್ನ ಬೇಯಿಸಿದಳು. ಇಪ್ಪತ್ತು ದಿನಕ್ಕೆ ಅವಳ ಕಾಲು ಕೈಕೊಟ್ಟಿತು. ಆಮೇಲೆ ಅಪ್ಪ ಹಾಲಿಗೆ ಸೀರಿಯಲ್ ಸುರಿದುಕೊಂಡು, ಬ್ರೆಡ್ಡಿಗೆ ಉಪ್ಪಿನಕಾಯಿ ಹಚ್ಚಿಕೊಂಡು ದಿನ ಕಳೆದ. ಮೂವತ್ತು ಮಂದಿಗೆ ಅಡುಗೆ ಮಾಡುವವಳ ಗಂಡನಿಗೆ ಅನ್ನಕ್ಕೆ ಎಷ್ಟು ನೀರಿಡಬೇಕೆಂದು ಗೊತ್ತಿರಲಿಲ್ಲ. ಅವನು ಕಲಿಯಲೂ ಹೋಗಲಿಲ್ಲ. ಗ್ಯಾರೇಜಿನ ಶನಿವಾರಗಳು ನಿಂತವು. ಒಗ್ಗರಣೆಯ ಹೊಗೆಯಲ್ಲಿ ಯಾರು ಸ್ಕಾಚ್ ಕುಡಿಯುತ್ತಾರೆ?

ಒಂದು ಸಂಜೆ ಅಪ್ಪ ಗ್ಯಾರೇಜಿಗೆ ಬಂದು ನಿಂತ. ನಾನು ವಾಷಿಂಗ್ ಮಷೀನಿನ ಮೇಲೆ ಕುಳಿತು ಹೋಮ್‌ವರ್ಕ್ ಮಾಡುತ್ತಿದ್ದೆ.

“ಸಿಟ್ಟಿನ್ಯಾಗ ಒಂದು ಮಾತು ಬಂತು. ಅಷ್ಟಕ್ಕ ಇಷ್ಟೆಲ್ಲಾ ಏನು? ಒಳಗ ಬಾ.”

“ಎಂಟು ಮನಿ ಮಂದಿ ಮುಂದ ಅಂದೀರಿ,” ಅವ್ವ ತಿರುಗಿಯೂ ನೋಡಲಿಲ್ಲ. “ವಾಪಸ್ ತಗೊಳ್ಳೂದೂ ಎಂಟು ಮನಿ ಮಂದಿ ಮುಂದ ಆಗಬೇಕ್ರಿ.”

“ಮಂದಿ ಮುಂದ ನನ್ನ ಮರ್ಯಾದಿ ಏನಾಗಬೇಕು?”

“ನಂದು ಏನಾತೋ ಅದ ಆಗ್ಲಿ.”

ಅಪ್ಪ ಒಳಗೆ ಹೋದ. ಒಳಗೆ ಬಾ ಎಂಬ ಆ ಮಾತನ್ನೇ ಅವನು ಅದಾದ ಮೇಲೆ ಹತ್ತಾರು ಸಲ ಬಂದು ಹೇಳಿದ್ದಾನೆ, ಬೇಡಿದ್ದಾನೆ, ಒಮ್ಮೆ ಅತ್ತೂ ಇದ್ದಾನೆ. ಎಲ್ಲ ಗ್ಯಾರೇಜಿನ ಒಳಗೆ, ಬಾಗಿಲು ಇಳಿಸಿಕೊಂಡು. ಅವ್ವನ ಉತ್ತರ ಬದಲಾಗಲಿಲ್ಲ. ಅದೇ ತಿಂಗಳು ಅವಳು ಸಾಲ್‌ಗೂ ಫೋನ್ ಮಾಡಿದಳು. ಬೇಸಿಗೆಯ ಊಟಗಳ ಹೊಸ ಪಟ್ಟಿ ತನ್ನ ನೋಟ್‌ಬುಕ್ಕಿನಲ್ಲಿದೆ, ಕಾರ್ಡಿನ ಮೇಲೆ ಹೆಸರು ಬಂದ ದಿನ ಕೊಡುತ್ತೇನೆ ಎಂದಳು. ಸಾಲ್ ಕೂಗಾಡಿದ್ದು ನನಗೂ ಕೇಳಿಸಿತು. ಮೂರು ವಾರಕ್ಕೆ ಕಾರ್ಡು ಬಂತು. ಹೆಸರಿನಲ್ಲಿ ಒಂದಕ್ಷರ ತಪ್ಪಾಗಿತ್ತು. ವಾಪಸ್ ಕಳಿಸಿ ಮತ್ತೆ ಅಚ್ಚು ಹಾಕಿಸಿದಳು. ಯಾರೋ ಊರು ಕೇರಿ ಗೊತ್ತಿಲ್ಲದ ಮುದುಕನಿಗೆ ಮೂರು ವಾರ ಸಾಕಾಯಿತು. ತಾಳಿ ಕಟ್ಟಿದವನಿಗೆ ವರ್ಷವಾದರೂ ಸಾಕಾಗಲಿಲ್ಲ.

ಆಯಿ ಹೊರಟ ದಿನ ಅವಳನ್ನು ಲಾಸ್ ಏಂಜಲೀಸ್‌ನ ವಿಮಾನ ನಿಲ್ದಾಣಕ್ಕೆ ಕರೆದೊಯ್ದದ್ದು ಅವ್ವನೇ. ಅಪ್ಪನಿಗೆ ಮೀಟಿಂಗ್ ಇತ್ತು. ಪ್ರಯಾಣಕ್ಕೆಂದು ಅವ್ವ ಎಣ್ಣೆ ಹಚ್ಚಿದ ಚಪಾತಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಿದ್ದಳು. ಆಯಿ ಇಳಿಯುವಾಗ ನನ್ನ ಹಣೆಗೆ ಮುತ್ತಿಟ್ಟಳು, ಗಂಟನ್ನು ಹಿಂದಿನ ಸೀಟಿನಲ್ಲೇ ಬಿಟ್ಟು ಹೋದಳು. ಅವ್ವ ಕನ್ನಡಿಯಲ್ಲಿ ಅದನ್ನು ನೋಡಿದಳು. ನಾನು ಗಂಟು ಬಿಚ್ಚಿ, ಮನೆ ಬರುವುದರೊಳಗೆ ಆರು ಚಪಾತಿಯನ್ನೂ ತಿಂದು ಮುಗಿಸಿದೆ. ಹೊಟ್ಟೆ ನೋಯುತ್ತಿತ್ತು. ನಿಲ್ಲಿಸಲಿಲ್ಲ.

ಮರುವರ್ಷ ಅಕ್ಟೋಬರಿನಲ್ಲಿ ಬೆಟ್ಟಗಳಿಗೆ ಬೆಂಕಿ ಬಿತ್ತು. ಬೆಳಗ್ಗೆ ಎದ್ದರೆ ಸೂರ್ಯ ತಾಮ್ರದ ಬಿಲ್ಲೆ, ಕಾರಿನ ಮೇಲೆ ಬೂದಿ. ಪೊಲೀಸರು ಮೈಕಿನಲ್ಲಿ ಮನೆ ಬಿಡಿ ಎಂದು ಕೂಗುತ್ತ ಬೀದಿ ಬೀದಿ ತಿರುಗಿದರು. ಅಪ್ಪ ಪಾಸ್‌ಪೋರ್ಟಿನ ಫೈಲು ತೆಗೆದುಕೊಂಡ, ಅವ್ವ ನೋಟ್‌ಬುಕ್ಕನ್ನೂ ಕ್ಯಾಂಪಿಂಗ್ ಒಲೆಯನ್ನೂ ತೆಗೆದುಕೊಂಡಳು. ನಾವು ಸಮುದ್ರದ ಪಕ್ಕದ ದಾರಿ ಹಿಡಿದು ಬಳಸಿಕೊಂಡು ಪೊಮೊನಾದ ಮಹಾಂತೇಶ ಅಂಕಲ್ ಮನೆ ಸೇರಿದೆವು. ಅಲ್ಲಿ ಐದು ದಿನ ಇದ್ದೆವು. ಮೊದಲ ಮಧ್ಯಾಹ್ನವೇ ಅವ್ವ ಅವರ ಹಿತ್ತಲಿನ ಸಿಮೆಂಟು ಕಟ್ಟೆಯ ಮೇಲೆ ಒಲೆ ಇಟ್ಟು ಬೇಳೆಗೆ ನೀರು ಹಾಕಿದಳು. ಅಂಕಲ್‌ನ ಹೆಂಡತಿ ಸುನಂದಾ ಆಂಟಿ ಗಾಬರಿಯಿಂದ ಓಡಿಬಂದರು.

“ಅಯ್ಯ, ಏನ್ರೀ ಇದು ಶಕುಂತಲಾ? ಒಳಗ ಇಷ್ಟು ದೊಡ್ಡ ಒಲಿ ಐತಿ, ಬರ್ರಿ.”

“ಬ್ಯಾಡ್ರಿ. ನಾ ಒಲಿ ಮುಟ್ಟಬಾರದು ಅಂತ ಹೇಳ್ಯಾರ. ನೀವೂ ಇದ್ರಲ್ಲ ಅವತ್ತು.”

“ಇನ್ನೂ?” ಅಂದರು ಆಂಟಿ. “ಇಷ್ಟು ದಿನಾನೂ ಹೊರಗ?”

ಅವ್ವ ಬೇಳೆಗೆ ಉಪ್ಪು ಹಾಕಿದಳು. ಆಂಟಿ ಒಳಗೆ ಹೋದರು. ಅವರು ಗಂಡನ ಮೇಲೆ ಹರಿಹಾಯ್ದದ್ದು ಹಿತ್ತಲಿಗೆಲ್ಲ ಕೇಳಿಸಿತು. ಬಾಟಲಿ ತರುತ್ತಿದ್ದವರು ನೀವು, ಬಾಯಿಗೆ ಬೀಗ ಹಾಕಿಕೊಂಡು ಕುಳಿತವರೂ ನೀವು ಎಂಬಂಥ ಮಾತುಗಳು. ನಾಲ್ಕನೆಯ ದಿನ ಅಂಕಲ್ ಅಪ್ಪನನ್ನು ಡ್ರೈವ್‌ವೇಗೆ ಕರೆದುಕೊಂಡು ಹೋದರು. ಕಿಟಕಿಯಿಂದ ನೋಡುತ್ತಿದ್ದ ನನಗೆ ಅಪ್ಪನ ಬೆನ್ನು ಮಾತ್ರ ಕಂಡಿತು. ಅಂಕಲ್ ಹೇಳಿದ ಕೊನೆಯ ಮಾತು ಕೇಳಿತು: “ನಾವು ಎಂಟು ಮಂದಿ ಗಂಡಸರು ಅವತ್ತು ಸತ್ತಂಗ ನಿಂತಿದ್ವಿ, ಶಿವು. ಇನ್ನ ಎಷ್ಟು ದಿನಾ?”

ನಮ್ಮ ಮನೆಗೆ ಬೆಂಕಿ ತಗುಲಲಿಲ್ಲ. ಎರಡು ಬೀದಿ ಆಚೆಗೆ ನಿಂತಿತು. ಮನೆ ಉಳಿದದ್ದಕ್ಕೆ ಒಂದು ಊಟ ಹಾಕೋಣ, ಎಂಟೂ ಮನೆಯವರನ್ನು ಕರೆಯುತ್ತೇನೆ, ಮಾತನ್ನೂ ಆಡುತ್ತೇನೆ ಎಂದ ಅಪ್ಪ. ಅವ್ವ ಕ್ಯಾಂಪಿಂಗ್ ಒಲೆಯನ್ನು ಮತ್ತೆ ರಿಪೇರಿ ಮೇಜಿನ ಮೇಲೆ ಇಡುತ್ತಿದ್ದಳು.

“ಅಡಗಿ ಮಾಡ್ತೀನಿ. ಇಲ್ಲೇ, ಗ್ಯಾರೇಜಿನ್ಯಾಗ. ಬಡಸೂದು ಮಾತ್ರ ನೀವು ಆಡಿದ ಮ್ಯಾಲೆ.”

ಆ ಭಾನುವಾರ ಮಧ್ಯಾಹ್ನ ಗ್ಯಾರೇಜಿನ ಬಾಗಿಲು ಪೂರ್ತಿ ಎತ್ತಿತ್ತು. ಬೂದಿ ತೊಳೆದ ನೆಲ. ಮಡಿಚುವ ಮೇಜಿನ ಮೇಲೆ ದೊಡ್ಡ ಪಾತ್ರೆಯಲ್ಲಿ ಎಣಗಾಯಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ರಾಶಿ, ಮೊಸರನ್ನ, ಪಕ್ಕದಲ್ಲಿ ತಣ್ಣಗೆ ಬೆವರುತ್ತಿದ್ದ ನಾಲ್ಕು ಬಾಟಲಿ ಫ್ರಪ್ಪಾಟೊ. ಎಂಟೂ ಮನೆಯವರು ಬಂದರು, ಸ್ಟೀಲ್ ತಟ್ಟೆ ಹಿಡಿದು ಸಾಲಾಗಿ ನಿಂತರು. ಅವ್ವ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತಿದ್ದಳು. ಅಪ್ಪ ಮುಂದೆ ಬಂದು ನಕ್ಕ.

“ಎಲ್ಲಾರೂ ಬಂದೀರಿ, ಭಾಳ ಖುಷಿ ಆತು. ದೇವರು ದೊಡ್ಡಾಂವ, ಮನಿ ಉಳೀತು. ಆದದ್ದು ಆತು, ಹಳೇದೆಲ್ಲಾ ಮರತು ಊಟ ಮಾಡೂಣು. ಬರ್ರಿ, ಬರ್ರಿ.”

ಮೊದಲು ನಿಂತಿದ್ದವರು ತಟ್ಟೆ ಮುಂದೆ ಚಾಚಿದರು. ಸೌಟು ಅಲುಗಲಿಲ್ಲ. ತಟ್ಟೆ ಚಾಚಿಯೇ ಇತ್ತು. ಯಾರದೋ ಮಗು ಹಸಿವೆ ಎಂದು ರಾಗ ತೆಗೆಯಿತು. ಎಣಗಾಯಿಯ ಹಬೆ ಅವ್ವನ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಅಪ್ಪನನ್ನೂ ನೋಡಲಿಲ್ಲ, ಜನರನ್ನೂ ನೋಡಲಿಲ್ಲ.

“ಮಾತು ಇನ್ನೂ ಮುಗಿದಿಲ್ರಿ,” ಅಂದಳು.

ಅಪ್ಪನ ನಗು ಎಲ್ಲಿ ಹೋಯಿತೋ. ಅವನು ಮಹಾಂತೇಶ ಅಂಕಲ್ ಕಡೆ ನೋಡಿದ. ಅವರು ನೆಲ ನೋಡಿದರು. ಅಪ್ಪ ಯಾರಿಗೂ ಕೇಳಬಾರದು ಎಂಬಂತೆ ಶುರುಮಾಡಿದ.

“ಹೋದ ವರ್ಷ ಇದ ಮಂದಿ ಮುಂದ ಶಕುಂತಲಾಗ ಒಲಿ ಮುಟ್ಟಬ್ಯಾಡ ಅಂದಿದ್ದೆ. ಆವಾಗ ನಾ ಕುಡದಿದ್ದೆ. ನಿಮಗೆಲ್ಲಾರಿಗೂ ಗೊತ್ತಿತ್ತು. ಆಕಿ ಕುಡೀತಿರಲಿಲ್ಲ. ಇವತ್ತಿಗೂ ಕುಡಿಯೂದಿಲ್ಲ. ಆಕಿದು ಕೆಲಸ, ನಂದು ಚಟ. ತಪ್ಪು ನಂದು. ಆ ಮಾತು ನಾ ವಾಪಸ್ ತಗೋತೀನಿ.”

ಅವ್ವ ಸೌಟು ಎತ್ತಿದಳು. ಮೊದಲು ಮಕ್ಕಳಿಗೆ, ಆಮೇಲೆ ಹೆಂಗಸರಿಗೆ, ಆಮೇಲೆ ಗಂಡಸರಿಗೆ, ಎಲ್ಲರಿಗಿಂತ ಕೊನೆಗೆ ಅಪ್ಪನಿಗೆ. ಯಾರು ಬೇಕೆಂದರೋ ಅವರಿಗೆ ಫ್ರಪ್ಪಾಟೊ ಸುರಿದಳು, ಮೊದಲು ಒಂದು ತುತ್ತು ತಿನ್ನಿ ಎಂದು ಹೇಳಿಕೊಟ್ಟಳು. ಸುನಂದಾ ಆಂಟಿ ಗಂಡನೆದುರೇ ಗ್ಲಾಸು ಎತ್ತಿ ಕುಡಿದು, ಕಣ್ಣರಳಿಸಿ, “ನೀವು ಖರೇನ ಒಮ್ಮೆನೂ ನುಂಗಿಲ್ಲೇನ್ರಿ?” ಎಂದು ಕೇಳಿದರು.

“ನನಗ ಸೇರೂದಿಲ್ರಿ,” ಅಂದಳು ಅವ್ವ.

ಎಲ್ಲರೂ ನಕ್ಕರು. ಹಗುರಾದರು. ಉಂಡರು. ಒಬ್ಬ ಆಂಟಿಯಾಗಲಿ, ಒಬ್ಬ ಅಂಕಲ್ ಆಗಲಿ, ನಮ್ಮದೂ ತಪ್ಪಾಯಿತು ಎನ್ನಲಿಲ್ಲ. ಎರಡನೇ ಸಲ ರೊಟ್ಟಿ ಹಾಕಿಸಿಕೊಂಡರು. ಆ ನಗು ನನಗೆ ಸಹಿಸಲಾಗಲಿಲ್ಲ. ನನ್ನ ತಟ್ಟೆಯನ್ನು ವಾಷಿಂಗ್ ಮಷೀನಿನ ಮೇಲೆ ಕುಕ್ಕಿ ಹೊರಗೆ ಬಂದು, ಡ್ರೈವ್‌ವೇಯ ತುದಿಯಲ್ಲಿ ಬೀದಿಯಂಚಿನ ಕಟ್ಟೆಯ ಮೇಲೆ ಕುಳಿತೆ. ಒಂದು ವರ್ಷಕ್ಕೂ ಮೇಲೆ ನನ್ನ ಅವ್ವ ಕಾರಿನ ಎಣ್ಣೆಯ ವಾಸನೆಯಲ್ಲಿ ಅನ್ನ ಬೇಯಿಸಿದ್ದಳು. ಅದನ್ನು ಹಿಂತೆಗೆದುಕೊಳ್ಳಲು ಅಪ್ಪನಿಗೆ ಒಂದು ನಿಮಿಷ ಸಾಕಾಗಿತ್ತು. ಹಾಗಿದ್ದರೆ ಮೊದಲ ದಿನವೇ ಆ ನಿಮಿಷ ಎಲ್ಲಿತ್ತು?

ಅವ್ವ ನನ್ನ ತಟ್ಟೆ ಹಿಡಿದುಕೊಂಡು ಹುಡುಕಿ ಬಂದಳು. ಪಕ್ಕದಲ್ಲಿ ಕುಳಿತಳು. ನಾನು ಅವಳ ಮುಖ ನೋಡದೆ ಹೇಳಿದೆ:

“ಆಯಿಗೆ ಹೇಳಿದ್ದು ನಾನು.”

“ಗೊತ್ತೈತಿ. ನಿಮ್ಮಾಯಿಗೆ ಲೇಬಲ್ ಓದಾಕ ಎಲ್ಲಿ ಬರ್ತಿತ್ತು?”

“ಮತ್ತ ಯಾಕ ಒಂದು ಮಾತೂ ಅನ್ನಲಿಲ್ಲ?”

“ಒಂದ ಸಲಕ್ಕ ಎಷ್ಟು ಮಂದಿ ಕೂಡ ಜಗಳಾ ಆಡ್ಲಿ ನಾ? ನಿಮ್ಮಪ್ಪಂದು ಇವತ್ತಿಗೆ ಮುಗೀತು. ನಿಂದು ಹಂಗ ಐತಿ.” ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟಳು. “ಮೊದಲು ಉಣ್ಣು.”

ನಾನು ಉಂಡೆ. ಅವ್ವ ಎದ್ದು ಒಳಗೆ ಹೋದಳು, ಯಾರೋ ಮೊಸರನ್ನ ಕೇಳುತ್ತಿದ್ದರು. ಮರುದಿನ ನಾನು ಶಾಲೆಯಿಂದ ಬಂದಾಗ ಅವಳು ಅಡುಗೆಮನೆಯ ಒಲೆಯ ಮುಂದೆ ನಿಂತಿದ್ದಳು. ನನ್ನನ್ನು ನೋಡಿ ಉರಿ ಆರಿಸಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ನಾನು ಬ್ಯಾಗು ಇಳಿಸುವ ಮೊದಲೇ ನನ್ನ ಪಾಲಿನ ಜಗಳ ಶುರುಮಾಡಿದಳು.